ಮನಸ್ಸಿನ ನೋವನ್ನು ಕಥೆಯಾಗಿಸಿದ ತ್ರಿವೇಣಿ



ಪಟ್ಟದಕಲ್ಲಿಗೆ ನೀವು ಹಲವು ಸಲ ಹೋಗಿರುತ್ತೀರಿ. ಶಾಲೆಯ ಪ್ರವಾಸಕ್ಕೋ, ಬಂದ ನೆಂಟರಿಗೆ ತೋರಿಸಲೆಂದೋ ಮಲಪ್ರಭೆಯ ದಂಡೆಯ ಆ ಗುಡಿಗಳ ನಡುವೆ ಓಡಾಡಿರುತ್ತೀರಿ. ಅಲ್ಲಿಯ ದೊಡ್ಡ ಗುಡಿ ವಿರೂಪಾಕ್ಷವನ್ನು ಎಂಟನೆಯ ಶತಮಾನದಲ್ಲಿ ಕಟ್ಟಿಸಿದವಳು ಲೋಕಮಹಾದೇವಿ ಎಂಬ ರಾಣಿ. ಪಕ್ಕದ ಮಲ್ಲಿಕಾರ್ಜುನ ಗುಡಿ ಅವಳ ತಂಗಿ ತ್ರೈಲೋಕ್ಯಮಹಾದೇವಿಯ ಕೊಡುಗೆ. ಸಾವಿರದ ಇನ್ನೂರು ವರ್ಷಗಳಾದರೂ ಆ ಇಬ್ಬರು ಹೆಣ್ಣುಮಕ್ಕಳ ಹೆಸರು ಉಳಿದಿದೆ. ಆದರೆ ಅವರ ಮನಸ್ಸಿನಲ್ಲಿ ಏನಿತ್ತು, ಅರಮನೆಯೊಳಗೆ ಅವರು ಯಾವುದಕ್ಕೆ ಸಂತೋಷಪಟ್ಟರು, ಯಾವುದಕ್ಕೆ ನೊಂದರು ಎಂಬುದನ್ನು ಯಾವ ಶಾಸನವೂ ಹೇಳುವುದಿಲ್ಲ. ಹೆಣ್ಣಿನ ಕೆಲಸ ಕಲ್ಲಿನ ಮೇಲೆ ಉಳಿಯಿತು, ಮನಸ್ಸು ಉಳಿಯಲಿಲ್ಲ.

ಆ ಮನಸ್ಸನ್ನೇ ಬರೆಯಬೇಕೆಂದು ಕುಳಿತ ಒಬ್ಬ ಲೇಖಕಿಯ ಬದುಕನ್ನು ಇಂದು ನಿಮ್ಮ ಮುಂದಿಡುತ್ತಿದ್ದೇವೆ. ಆಕೆ ಬದುಕಿದ್ದು ಮೂವತ್ತೈದು ವರ್ಷವೂ ಅಲ್ಲ. ಬರೆದದ್ದು ಸುಮಾರು ಒಂದು ದಶಕ ಮಾತ್ರ. ಅಷ್ಟರಲ್ಲಿಯೇ ಇಪ್ಪತ್ತರಷ್ಟು ಕಾದಂಬರಿಗಳನ್ನೂ ಮೂರು ಕಥಾಸಂಕಲನಗಳನ್ನೂ ಕೊಟ್ಟು ಹೋದರು. ಕನ್ನಡ ನಾಡಿನ ಮನೆಮನೆಯ ಹೆಣ್ಣುಮಕ್ಕಳು ಅವರನ್ನು ತ್ರಿವೇಣಿ ಎಂಬ ಹೆಸರಿನಿಂದ ಬಲ್ಲರು.

ಮನೆತನ ಮತ್ತು ವಿದ್ಯಾಭ್ಯಾಸ

ತ್ರಿವೇಣಿಯವರ ನಿಜವಾದ ಹೆಸರು ಅನಸೂಯ. 1928ರ ಸೆಪ್ಟೆಂಬರ್ 1ರಂದು ಹುಟ್ಟಿದರು. ತಂದೆ ಬಿ. ಎಂ. ಕೃಷ್ಣಸ್ವಾಮಿ, ತಾಯಿ ತಂಗಮ್ಮ. ಕನ್ನಡಕ್ಕೆ ಹೊಸ ಕಾವ್ಯದ ದಾರಿ ತೋರಿಸಿದ ಆಚಾರ್ಯ ಬಿ. ಎಂ. ಶ್ರೀಕಂಠಯ್ಯನವರು ಇವರ ದೊಡ್ಡಪ್ಪ. ಕಾದಂಬರಿಗಾರ್ತಿ ವಾಣಿ ಹತ್ತಿರದ ಬಂಧು. ತಂಗಿ ಆರ್ಯಾಂಬ ಪಟ್ಟಾಭಿ ಕೂಡ ಮುಂದೆ ಲೇಖಕಿಯಾಗಿ ಹೆಸರು ಮಾಡಿದರು. ಮನೆಯಲ್ಲಿ ಪುಸ್ತಕವಿದ್ದರೆ ಮಕ್ಕಳ ಕೈಯಲ್ಲಿ ಪುಸ್ತಕವಿರುತ್ತದೆ ಎಂಬ ಮಾತಿಗೆ ಈ ಮನೆತನವೇ ಸಾಕ್ಷಿ.

ಅನಸೂಯ ಓದಿದ್ದು ಮೈಸೂರಿನ ಮಹಾರಾಣಿ ಕಾಲೇಜಿನಲ್ಲಿ. 1947ರಲ್ಲಿ, ದೇಶ ಸ್ವತಂತ್ರವಾದ ವರ್ಷದಲ್ಲಿ, ಬಿ.ಎ. ಪದವಿ ಪಡೆದರು. ಅವರು ಆರಿಸಿಕೊಂಡ ವಿಷಯ ಮನಃಶಾಸ್ತ್ರ. ಅದರಲ್ಲಿ ಚಿನ್ನದ ಪದಕ ಗಳಿಸಿದರು.

ಇಲ್ಲಿ ಒಂದು ಕ್ಷಣ ನಿಲ್ಲೋಣ. ಆ ಕಾಲಕ್ಕೆ ಮನಃಶಾಸ್ತ್ರವೆಂಬುದು ನಮ್ಮ ದೇಶದಲ್ಲಿ ತೀರ ಹೊಸ ವಿದ್ಯೆ. ಜರ್ಮನಿಯ ಲೈಪ್ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ ಅವರು ಮನಸ್ಸಿನ ಅಧ್ಯಯನಕ್ಕಾಗಿ ಪ್ರಯೋಗಾಲಯ ತೆರೆದದ್ದು 1879ರಲ್ಲಿ. ಮನಸ್ಸಿನ ಆಳದಲ್ಲಿ ನಮಗೇ ತಿಳಿಯದ ಒಂದು ಪದರವಿದೆ, ಬಾಲ್ಯದಲ್ಲಿ ಅದುಮಿಟ್ಟ ನೋವು ಅಲ್ಲಿ ಅಡಗಿ ಕುಳಿತು ಮುಂದೆ ಕಾಯಿಲೆಯಾಗಿ ಹೊರಬರಬಹುದು ಎಂದು ವಿಯೆನ್ನಾದ ವೈದ್ಯ ಸಿಗ್ಮಂಡ್ ಫ್ರಾಯ್ಡ್ ವಾದಿಸಿದರು. ಅವರ ಎಲ್ಲ ಮಾತನ್ನೂ ಇಂದಿನ ವಿಜ್ಞಾನ ಒಪ್ಪುವುದಿಲ್ಲ. ಆದರೆ ಮನೋರೋಗಿಯನ್ನು ಕಟ್ಟಿಹಾಕುವ ಬದಲು ಅವನ ಮಾತನ್ನು ಕೇಳಬೇಕು ಎಂಬ ಅರಿವನ್ನು ಹರಡುವುದರಲ್ಲಿ ಅವರ ಪಾಲು ದೊಡ್ಡದು.

ಭಾರತದಲ್ಲಿ ಈ ವಿದ್ಯೆಗೆ ಮೊದಲು ಪ್ರತ್ಯೇಕ ವಿಭಾಗ ತೆರೆದದ್ದು ಕಲ್ಕತ್ತಾ ವಿಶ್ವವಿದ್ಯಾನಿಲಯ. ಮೈಸೂರು ವಿಶ್ವವಿದ್ಯಾನಿಲಯವೂ ಬಹಳ ಹಿಂದೆ ಬೀಳಲಿಲ್ಲ. 1924ರಲ್ಲಿ ಅಲ್ಲಿ ಮನಃಶಾಸ್ತ್ರ ವಿಭಾಗ ಆರಂಭವಾಯಿತು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಓದಿ ಬಂದಿದ್ದ ಪ್ರೊ. ಎಂ. ವಿ. ಗೋಪಾಲಸ್ವಾಮಿ. 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರ ಆರಂಭಿಸಿ, ಆಕಾಶವಾಣಿ ಎಂಬ ಹೆಸರು ಬಳಕೆಗೆ ಬರಲು ಕಾರಣರಾದವರೂ ಇವರೇ. ಹೀಗೆ ಹೊಸ ವಿದ್ಯೆಯ ಗಾಳಿ ಬೀಸುತ್ತಿದ್ದ ಊರಿನಲ್ಲಿ ಅನಸೂಯ ಬೆಳೆದರು.

ಓದು ಮುಗಿದ ಮೇಲೆ ಕೆಲಕಾಲ ಶಿಕ್ಷಕಿಯಾಗಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಎಸ್. ಎನ್. ಶಂಕರ್ ಅವರೊಂದಿಗೆ ವಿವಾಹವಾಗಿ ಅನಸೂಯ ಶಂಕರ್ ಆದರು. ಅವರು ಮನೋವೈದ್ಯರಾಗಲಿಲ್ಲ, ಆಸ್ಪತ್ರೆಯಲ್ಲಿ ಕೆಲಸ ಮಾಡಲಿಲ್ಲ. ಕಾಲೇಜಿನಲ್ಲಿ ಕಲಿತ ಮನಃಶಾಸ್ತ್ರವನ್ನು ಅವರು ಬಳಸಿದ್ದು ಲೇಖನಿಯಲ್ಲಿ. ಪದವಿಯ ವಿದ್ಯೆ ಪದವಿಪತ್ರದಲ್ಲೇ ಉಳಿಯಬೇಕಾಗಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕೆ?

ಕಾದಂಬರಿಗಳ ದಶಕ

1950ರ ದಶಕದ ಆರಂಭದಲ್ಲಿ ತ್ರಿವೇಣಿ ಎಂಬ ಹೆಸರು ಪುಸ್ತಕದಂಗಡಿಗಳಲ್ಲಿ ಕಾಣಿಸಿಕೊಂಡಿತು. ಹೂವು ಹಣ್ಣು, ಅಪಸ್ವರ, ಅದರ ಮುಂದುವರಿಕೆಯಾದ ಅಪಜಯ, ಸೋತು ಗೆದ್ದವಳು, ಕೀಲುಗೊಂಬೆ, ಬೆಕ್ಕಿನ ಕಣ್ಣು, ಮುಚ್ಚಿದ ಬಾಗಿಲು, ದೂರದ ಬೆಟ್ಟ, ಬೆಳ್ಳಿ ಮೋಡ, ಹಣ್ಣೆಲೆ ಚಿಗುರಿದಾಗ, ಕಾಶೀಯಾತ್ರೆ, ಮುಕ್ತಿ, ಶರಪಂಜರ ಹೀಗೆ ಒಂದರ ಹಿಂದೆ ಒಂದು ಬಂದವು. ಅವಳ ಮನೆ ಕಾದಂಬರಿಗೆ ರಾಜ್ಯ ಪ್ರಶಸ್ತಿಯೂ ದೊರೆಯಿತು. ಎರಡು ಮನಸ್ಸು, ಸಮಸ್ಯೆಯ ಮಗು, ಹೆಂಡತಿಯ ಹೆಸರು ಎಂಬವು ಕಥಾಸಂಕಲನಗಳು.

ಆಗ ಕನ್ನಡದ ಹೆಣ್ಣುಮಕ್ಕಳಿಗೆ ಸಿನಿಮಾ ಅಪರೂಪ, ಟಿ.ವಿ. ಇರಲೇ ಇಲ್ಲ. ಮಧ್ಯಾಹ್ನ ಅಡಿಗೆಮನೆಯ ಕೆಲಸ ಮುಗಿದ ಮೇಲೆ ಸಿಗುವ ಒಂದೆರಡು ಗಂಟೆಯ ಬಿಡುವಿನಲ್ಲಿ ಓದಲು ಅವರು ಬಾಡಿಗೆ ಗ್ರಂಥಾಲಯದಿಂದ ಪುಸ್ತಕ ತರಿಸಿಕೊಳ್ಳುತ್ತಿದ್ದರು. ಒಂದೇ ಪ್ರತಿ ಇಡೀ ಓಣಿಯ ಕೈ ದಾಟಿ, ರಟ್ಟು ಕಿತ್ತು, ಹೊಲಿಗೆ ಬಿಚ್ಚಿ ಹಿಂದಿರುಗುತ್ತಿತ್ತು. ಈ ಓದುಗರಿಗಾಗಿಯೇ ತ್ರಿವೇಣಿ ಬರೆದರು. ಭಾಷೆ ಸರಳ, ಕಥೆ ನೇರ. ಆದರೆ ಕಥೆಯ ಒಳಗೆ ಅವರು ಇಟ್ಟ ಪ್ರಶ್ನೆಗಳು ಸರಳವಾಗಿರಲಿಲ್ಲ.

ಬೆಳ್ಳಿ ಮೋಡದ ಇಂದಿರಾಳನ್ನೇ ನೋಡಿ. ಸಿರಿವಂತರ ಒಬ್ಬಳೇ ಮಗಳು. ಅವಳನ್ನು ಮದುವೆಯಾಗಲು ಒಪ್ಪಿದ ಯುವಕ ಅವಳ ತಂದೆಯ ಹಣದಲ್ಲಿಯೇ ವಿದೇಶಕ್ಕೆ ಓದಲು ಹೋಗುತ್ತಾನೆ. ಅಷ್ಟರಲ್ಲಿ ಅವಳಿಗೆ ತಮ್ಮ ಹುಟ್ಟುತ್ತಾನೆ, ಆಸ್ತಿಗೆ ವಾರಸುದಾರ ಬರುತ್ತಾನೆ. ಹಿಂದಿರುಗಿದ ಯುವಕನ ಪ್ರೀತಿಯೂ ಅಲ್ಲಿಗೆ ಕರಗುತ್ತದೆ. ಮುಂದೆ ಅವನು ಅಪಘಾತಕ್ಕೆ ಸಿಕ್ಕಾಗ ಇಂದಿರಾ ಅವನ ಶುಶ್ರೂಷೆ ಮಾಡುತ್ತಾಳೆ. ಅವನು ತಪ್ಪರಿತು ಮದುವೆಗೆ ಸಿದ್ಧನಾದಾಗ ಅವಳು ಒಪ್ಪುವುದಿಲ್ಲ. ದ್ವೇಷದಿಂದಲ್ಲ, ತನ್ನ ಮನಸ್ಸು ಇನ್ನು ಅವನದಲ್ಲ ಎಂಬ ತಿಳುವಳಿಕೆಯಿಂದ. ಆ ಕಾಲದ ಓದುಗರು ಕಥೆ ಮದುವೆಯಲ್ಲೇ ಮುಗಿಯಬೇಕೆಂದು ಬಯಸುತ್ತಿದ್ದರು. ಬೇಡ ಎನ್ನುವ ಹಕ್ಕು ಹೆಣ್ಣಿಗೂ ಇದೆ ಎಂದು ತೋರಿಸಲು ಧೈರ್ಯ ಬೇಕಿತ್ತು.

ಹಣ್ಣೆಲೆ ಚಿಗುರಿದಾಗ ಕಾದಂಬರಿಯಲ್ಲಿ ವಿಧವೆಯ ಬದುಕು, ಅವಳ ಓದು, ಮರುಮದುವೆಯ ಪ್ರಶ್ನೆ ಇವೆ. ಹೂವು ಹಣ್ಣು ದಿಕ್ಕಿಲ್ಲದೆ ದಾರಿ ತಪ್ಪಬೇಕಾಗಿ ಬಂದ ತಾಯಿಯೊಬ್ಬಳ ಕಥೆ. ಅವಳನ್ನು ಬೈದು ಮುಗಿಸುವುದು ಸುಲಭ. ತ್ರಿವೇಣಿ ಬೈಯುವುದಿಲ್ಲ. ಅವಳನ್ನು ಅಲ್ಲಿಗೆ ತಳ್ಳಿದ್ದು ಏನು ಎಂದು ಹುಡುಕುತ್ತಾರೆ. ತಪ್ಪಿನ ಹಿಂದಿನ ಕಾರಣ ಕೇಳುವುದು ಮನಃಶಾಸ್ತ್ರದ ಮೊದಲ ಪಾಠವಲ್ಲವೇ?

ಬಾಣಂತಿ ಸನ್ನಿ ಮತ್ತು ಶರಪಂಜರ

ಆದರೆ ಅವರ ಹೆಸರನ್ನು ಅಚ್ಚಳಿಯದಂತೆ ಉಳಿಸಿದ ಕೃತಿ ಶರಪಂಜರ. ಬಾಣಗಳಿಂದಲೇ ಮಾಡಿದ ಪಂಜರ ಎಂದು ಆ ಮಾತಿನ ಅರ್ಥ. ಒಳಗಿದ್ದವರು ಯಾವ ಕಡೆ ತಿರುಗಿದರೂ ಚುಚ್ಚುತ್ತದೆ.

ಕಾವೇರಿ ಸತೀಶನ ಕೈಹಿಡಿದು ಸುಖವಾಗಿ ಬಾಳುತ್ತಿರುವ ಗೃಹಿಣಿ. ಎರಡನೆಯ ಹೆರಿಗೆಯ ನಂತರ ಅವಳ ಮನಸ್ಸಿನ ಸಮತೋಲ ತಪ್ಪುತ್ತದೆ. ಒಳಗೆ ಹುದುಗಿಸಿಟ್ಟಿದ್ದ ಹಳೆಯ ನೆನಪು ಮೇಲೆ ಬರುತ್ತದೆ. ಅವಳನ್ನು ಮಾನಸಿಕ ಆಸ್ಪತ್ರೆಗೆ ಸೇರಿಸುತ್ತಾರೆ. ಚಿಕಿತ್ಸೆ ಫಲಿಸಿ ಗುಣವಾಗುತ್ತಾಳೆ. ಎಷ್ಟೋ ಕಥೆಗಳು ಇಲ್ಲಿಗೇ ಮುಗಿದುಬಿಡುತ್ತಿದ್ದವು. ತ್ರಿವೇಣಿಯವರ ಕಥೆ ನಿಜವಾಗಿ ಇಲ್ಲಿಂದಲೇ ಶುರುವಾಗುತ್ತದೆ.

ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಯಾರೂ ಮೊದಲಿನ ಕಾವೇರಿಯಂತೆ ನೋಡುವುದಿಲ್ಲ. ನಕ್ಕರೆ ಸಂಶಯ, ಅತ್ತರೆ ಸಂಶಯ, ಸಿಟ್ಟು ಮಾಡಿದರಂತೂ ಹಳೆಯದು ಮರುಕಳಿಸಿತೆಂಬ ಭಯ. ಹುಚ್ಚಾಸ್ಪತ್ರೆಗೆ ಹೋಗಿ ಬಂದವಳು ಎಂಬ ಪಿಸುಮಾತು ಅವಳ ಬೆನ್ನು ಬಿಡುವುದಿಲ್ಲ. ಆಸರೆಯಾಗಬೇಕಿದ್ದ ಗಂಡನ ಮನಸ್ಸು ಬೇರೆಯವಳ ಕಡೆ ತಿರುಗಿರುತ್ತದೆ. ವೈದ್ಯರು ಕಟ್ಟಿಕೊಟ್ಟ ಮನಸ್ಸನ್ನು ಮನೆಯವರು ಮತ್ತೆ ಒಡೆಯುತ್ತಾರೆ. ಕಾವೇರಿ ಪುನಃ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತದೆ.

ಇದು ಬರಿಯ ಕಲ್ಪನೆಯಲ್ಲ. ಈ ಕಾಯಿಲೆಗೆ ನಮ್ಮ ಹಿರಿಯರು ಬಾಣಂತಿ ಸನ್ನಿ ಎಂದು ಹೆಸರಿಟ್ಟಿದ್ದರು. ಹೆಸರು ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಗಾಳಿ ಸೋಂಕಿದೆ, ದೆವ್ವ ಬಡಿದಿದೆ, ಯಾರೋ ಮಾಟ ಮಾಡಿಸಿದ್ದಾರೆ ಎಂದುಕೊಂಡು ತಾಯತ ಕಟ್ಟಿಸುತ್ತಿದ್ದರು, ಬೇವಿನ ಸೊಪ್ಪಿನಿಂದ ಬಡಿಯುತ್ತಿದ್ದರು, ಕತ್ತಲೆ ಕೋಣೆಯಲ್ಲಿ ಕೂಡಿಹಾಕುತ್ತಿದ್ದರು. ವೈದ್ಯಶಾಸ್ತ್ರ ಹೇಳುವುದೇ ಬೇರೆ. ಹೆರಿಗೆಯಾದ ಮೊದಲ ವಾರದಲ್ಲಿ ಬಹಳಷ್ಟು ತಾಯಂದಿರಿಗೆ ಕಾರಣವಿಲ್ಲದೆ ಅಳು, ಬೇಸರ ಬರುತ್ತದೆ. ಅದು ಕೆಲವು ದಿನಗಳಲ್ಲಿ ತಾನೇ ಹೋಗುತ್ತದೆ. ಕೆಲವರಲ್ಲಿ ಅದು ಹೋಗದೆ ವಾರಗಟ್ಟಲೆ ಉಳಿದು ಖಿನ್ನತೆಯಾಗುತ್ತದೆ. ಸಾವಿರ ಹೆರಿಗೆಗಳಲ್ಲಿ ಒಬ್ಬಿಬ್ಬರಿಗೆ ಮಾತ್ರ ಬಾಣಂತಿ ಸನ್ನಿ ಎಂಬ ತೀವ್ರ ಸ್ಥಿತಿ ಬರುತ್ತದೆ. ನಿದ್ದೆ ಹಾರಿಹೋಗುವುದು, ಇಲ್ಲದ ದನಿ ಕೇಳಿಸುವುದು, ಮಗುವಿನ ಬಗ್ಗೆಯೇ ವಿಚಿತ್ರ ಭಯ ಹುಟ್ಟುವುದು ಅದರ ಲಕ್ಷಣಗಳು. ಆಗ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಸಕಾಲದಲ್ಲಿ ಚಿಕಿತ್ಸೆ ಸಿಕ್ಕರೆ ಹೆಚ್ಚಿನವರು ಪೂರ್ತಿ ಗುಣವಾಗುತ್ತಾರೆ.

ತ್ರಿವೇಣಿ ಬರೆಯುತ್ತಿದ್ದ ಕಾಲವನ್ನು ನೆನಪಿಡಿ. ಮನೋರೋಗಕ್ಕೆ ಪರಿಣಾಮಕಾರಿಯಾದ ಮಾತ್ರೆಗಳು ಬಳಕೆಗೆ ಬರತೊಡಗಿದ್ದೇ 1952ರ ನಂತರ. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾದದ್ದು 1954ರಲ್ಲಿ. ಇವೆರಡೂ ಸೇರಿ ಇಂದಿನ ನಿಮ್ಹಾನ್ಸ್ ಆದದ್ದು 1974ರಲ್ಲಿ, ಅಂದರೆ ತ್ರಿವೇಣಿ ತೀರಿಕೊಂಡ ಹನ್ನೊಂದು ವರ್ಷಗಳ ಮೇಲೆ. ತಾಯಿಯ ಜೊತೆ ಮಗುವನ್ನೂ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗ ನಿಮ್ಹಾನ್ಸ್‌ನಲ್ಲಿ ತೆರೆದದ್ದು 2009ರಲ್ಲಿ. ಕನ್ನಡದ ಒಬ್ಬ ಕಾದಂಬರಿಗಾರ್ತಿ ಇದಕ್ಕೆಲ್ಲ ಎಷ್ಟು ಮುಂಚೆ ಈ ಮಾತು ಎತ್ತಿದ್ದರು ಎಂಬುದನ್ನು ನೀವೇ ಲೆಕ್ಕ ಹಾಕಿ.

ಕನ್ನಡದಲ್ಲಿ ಮನಸ್ಸಿನ ಬಗ್ಗೆ ಬರೆದವರು ಅವರೊಬ್ಬರೇ ಅಲ್ಲ. ಕೊರವಂಜಿ ಪತ್ರಿಕೆಯ ಸಂಪಾದಕ, ವೈದ್ಯ ಡಾ. ಎಂ. ಶಿವರಾಂ ಅವರು ಮನೋನಂದನ, ಮನಮಂಥನ ಎಂಬ ಪುಸ್ತಕಗಳಲ್ಲಿ ಮನೋವಿಜ್ಞಾನವನ್ನು ವಿವರಿಸಿದರು. ಆದರೆ ಶಾಸ್ತ್ರದ ಪುಸ್ತಕ ತಲುಪದ ಅಡಿಗೆಮನೆಗೆ ಕಾದಂಬರಿ ತಲುಪಿತು. ಮನೋರೋಗವೂ ಜ್ವರದಂತೆ ಒಂದು ಕಾಯಿಲೆ, ಅದು ಪಾಪದ ಫಲವಲ್ಲ, ಅದಕ್ಕೆ ಮದ್ದಿದೆ ಎಂಬ ಮಾತನ್ನು ಸಾವಿರಾರು ಹೆಣ್ಣುಮಕ್ಕಳು ಮೊದಲು ತಿಳಿದದ್ದು ತ್ರಿವೇಣಿಯವರ ಪುಟಗಳಿಂದ.

ಅಕಾಲ ಮರಣ

ತ್ರಿವೇಣಿಯವರ ಆರೋಗ್ಯ ಗಟ್ಟಿಯಾಗಿರಲಿಲ್ಲ. ಉಬ್ಬಸ ಅವರನ್ನು ಬಹುಕಾಲ ಕಾಡಿತು. ಆದರೂ ಬರವಣಿಗೆ ನಿಲ್ಲಲಿಲ್ಲ. 1963ರ ಜುಲೈನಲ್ಲಿ ಅವರು ಹೆಣ್ಣುಮಗುವಿನ ತಾಯಿಯಾದರು. ಆ ಸಂತೋಷ ಕೆಲವೇ ದಿನಗಳದ್ದಾಯಿತು. ಬಾಣಂತಿತನದಲ್ಲಿಯೇ, ಜುಲೈ 29ರಂದು, ಅವರು ಕೊನೆಯುಸಿರೆಳೆದರು. ಆಗ ಅವರ ವಯಸ್ಸು 34. ಬರೆಯುತ್ತಿದ್ದ ಅವಳ ಮಗಳು ಕಾದಂಬರಿ ಅರ್ಧಕ್ಕೇ ನಿಂತಿತು. ಅದನ್ನು ಲೇಖಕಿ ಎಂ. ಸಿ. ಪದ್ಮಾ ಅವರು ಮುಂದೆ ಪೂರ್ಣಗೊಳಿಸಿದರು.

ಹೆರಿಗೆಯ ನಂತರದ ದಿನಗಳು ಹೆಣ್ಣಿಗೆ ಎಷ್ಟು ನಾಜೂಕು ಎಂದು ನಾಡಿಗೆ ಹೇಳಿದ ಲೇಖಕಿ ಅದೇ ದಿನಗಳಲ್ಲಿ ತೀರಿಹೋದರು. ಇದನ್ನು ವಿಧಿಯಾಟ ಎಂದು ಹೇಳಿ ಮುಂದೆ ಹೋಗಬಹುದು. ಆದರೆ ಬಾಣಂತಿಯ ಆರೈಕೆ ಎಂದರೆ ಕೇವಲ ಹೊಗೆ, ಎಣ್ಣೆ, ಅಳ್ವಿ ಉಂಡಿಗಳಲ್ಲ, ವೈದ್ಯರ ಕಣ್ಣೂ ಮನೆಯವರ ಕಣ್ಣೂ ಅವಳ ಮೇಲಿರಬೇಕು ಎಂಬ ಎಚ್ಚರವನ್ನು ಅವರ ಸಾವಿನಿಂದಲೂ ನಾವು ಕಲಿಯಬಹುದು.

ತೆರೆಯ ಮೇಲೆ

ಪುಸ್ತಕ ಓದದವರಿಗೂ ತ್ರಿವೇಣಿ ಗೊತ್ತಾದದ್ದು ಚಲನಚಿತ್ರಗಳ ಮೂಲಕ. ಅದನ್ನು ನೋಡಲು ಅವರು ಬದುಕಿರಲಿಲ್ಲ. 1966ರಲ್ಲಿ ಬೆಕ್ಕಿನ ಕಣ್ಣು ಮಲಯಾಳಂನಲ್ಲಿ ಪೂಚಕ್ಕಣ್ಣಿ ಎಂಬ ಚಿತ್ರವಾಯಿತು. ನಿರ್ದೇಶಿಸಿದವರು ಪುಟ್ಟಣ್ಣ ಕಣಗಾಲ್. ಮರುವರ್ಷ ಅವರು ಕನ್ನಡದಲ್ಲಿ ತಮ್ಮ ಮೊದಲ ಚಿತ್ರಕ್ಕೆ ಆರಿಸಿಕೊಂಡದ್ದೂ ತ್ರಿವೇಣಿಯವರ ಬೆಳ್ಳಿ ಮೋಡವನ್ನೇ. 1968ರಲ್ಲಿ ಎಂ. ಆರ್. ವಿಠಲ್ ನಿರ್ದೇಶನದ ಹಣ್ಣೆಲೆ ಚಿಗುರಿದಾಗ, 1970ರಲ್ಲಿ ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಮುಕ್ತಿ ಬಂದವು. 1971ರಲ್ಲಿ ಪುಟ್ಟಣ್ಣನವರ ಶರಪಂಜರ ತೆರೆಕಂಡಿತು. ಕಾವೇರಿಯ ಪಾತ್ರದಲ್ಲಿ ಕಲ್ಪನಾ ಅವರ ಅಭಿನಯವನ್ನು ನೋಡಿದ ತಲೆಮಾರು ಅದನ್ನು ಇಂದಿಗೂ ಮರೆತಿಲ್ಲ. ನಿಮ್ಮ ಮನೆಯ ಹಿರಿಯರನ್ನು ಕೇಳಿನೋಡಿ. 1993ರಲ್ಲಿ ಹೂವು ಹಣ್ಣು ಕೂಡ ಚಿತ್ರವಾಯಿತು.

ಮೆಚ್ಚುಗೆಯ ಜೊತೆ ಟೀಕೆಯೂ ಇರಬೇಕು. ತ್ರಿವೇಣಿಯವರದು ಜನಪ್ರಿಯ ಸಾಹಿತ್ಯ, ಹೆಂಗಸರ ಓದು ಎಂದು ಬಹುಕಾಲ ವಿಮರ್ಶಕರು ಪಕ್ಕಕ್ಕಿಟ್ಟರು. ಅವರ ಪಾತ್ರಗಳ ಲೋಕ ಬಹುಮಟ್ಟಿಗೆ ಮೈಸೂರು ಸೀಮೆಯ ಓದಿದ ಮಧ್ಯಮ ವರ್ಗದ್ದು ಎಂಬುದೂ ನಿಜ. ಇಳಕಲ್ಲಿನ ಮಗ್ಗದ ಮನೆಯ ಹೆಣ್ಣುಮಗಳಾಗಲಿ, ಹುನಗುಂದದ ಎರೆಹೊಲದಲ್ಲಿ ಕಸ ತೆಗೆಯುವ ತಾಯಿಯಾಗಲಿ ಅಲ್ಲಿ ಸಿಗುವುದಿಲ್ಲ. ಆದರೆ ಒಬ್ಬರೇ ಎಲ್ಲರ ಕಥೆ ಹೇಳಲಾರರು. ತಾವು ಕಂಡ ಮನೆಯ ಬಾಗಿಲನ್ನು ಅವರು ತೆರೆದರು. ಉಳಿದ ಮನೆಗಳ ಬಾಗಿಲನ್ನು ಮುಂದೆ ಬಂದವರು ತೆರೆದರು. 1984ರಲ್ಲಿ ಚಂದ್ರಗಿರಿಯ ತೀರದಲ್ಲಿ ಬರೆದ ಸಾರಾ ಅಬೂಬಕ್ಕರ್, ಕನ್ನಡ ಕಥೆಗಳಿಗೆ 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ತಂದುಕೊಟ್ಟ ಬಾನು ಮುಷ್ತಾಕ್ ಇವರೆಲ್ಲ ನಡೆದದ್ದು ಹೆಣ್ಣು ತನ್ನ ಮನಸ್ಸನ್ನು ತಾನೇ ಬರೆಯಬಹುದು ಎಂಬ ದಾರಿಯಲ್ಲಿ. ಆ ದಾರಿಯನ್ನು ಹದಗೊಳಿಸಿದವರಲ್ಲಿ ತ್ರಿವೇಣಿ ಒಬ್ಬರು.

ನಮಗೇನು ಪಾಠ?

ಕಾವೇರಿಯ ಕಥೆ ಹಳೆಯದಾಯಿತೇ? ನಿಮ್ಮ ಓಣಿಯನ್ನೇ ಒಮ್ಮೆ ನೆನೆಸಿಕೊಳ್ಳಿ. ತಲೆ ಕೆಟ್ಟವಳು ಎಂದು ಹೆಸರಿಟ್ಟು ಎಲ್ಲರೂ ದೂರವಿಟ್ಟ ಒಬ್ಬ ಹೆಣ್ಣುಮಗಳು ಅಲ್ಲಿದ್ದಾಳೆಯೇ? ಮನೋವೈದ್ಯರ ಬಳಿ ಹೋದ ಸಂಗತಿ ತಿಳಿದರೆ ಮಗಳ ಮದುವೆ ನಿಲ್ಲುತ್ತದೆಂದು ಮುಚ್ಚಿಡುವ ಮನೆಗಳು ಇನ್ನೂ ಇಲ್ಲವೇ? ಪರೀಕ್ಷೆಯ ಭಯದಿಂದ ನಿದ್ದೆಗೆಟ್ಟ ಹುಡುಗನಿಗೆ ಸೋಮಾರಿ ಎಂದು ಬೈಯುವ ಮನೆಗಳು ಇಲ್ಲವೇ?

ಇಂದು ದಾರಿಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದ ಪ್ರಯೋಗ 1980ರ ದಶಕದಲ್ಲಿ ನಡೆದದ್ದು ನಮ್ಮದೇ ರಾಜ್ಯದ ಬಳ್ಳಾರಿ ಜಿಲ್ಲೆಯಲ್ಲಿ. 1996ರಿಂದ ಅದು ದೇಶದ ಕಾರ್ಯಕ್ರಮವಾಯಿತು. ನಮ್ಮ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ದೂರದ ಮಾತಲ್ಲ. ಮನೋರೋಗಿಗೂ ಗೌರವದಿಂದ ಚಿಕಿತ್ಸೆ ಪಡೆಯುವ ಹಕ್ಕಿದೆ ಎಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತನಾಡಬಹುದು, ಹಣ ಕೊಡಬೇಕಾಗಿಲ್ಲ. ಈ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ಪಕ್ಕದವರಿಗೆ ಬೇಕಾಗಬಹುದು.

ಆದರೆ ಕಾನೂನು, ಆಸ್ಪತ್ರೆ, ಮಾತ್ರೆ ಇವೆಲ್ಲ ಮನೆಯ ಹೊಸ್ತಿಲವರೆಗೆ ಬರುತ್ತವೆ. ಹೊಸ್ತಿಲ ಒಳಗೆ ಗುಣವಾಗಿ ಬಂದವಳನ್ನು ಹೇಗೆ ನೋಡಬೇಕು ಎಂಬುದು ಮನೆಯವರ ಕೈಯಲ್ಲಿದೆ. ಕಾವೇರಿಯನ್ನು ಸೋಲಿಸಿದ್ದು ಕಾಯಿಲೆಯಲ್ಲ, ಮನೆಯವರ ನೋಟ. ತ್ರಿವೇಣಿ ನಮಗೆ ಬಿಟ್ಟುಹೋದ ಪಾಠ ಇದು.

ವಿದ್ಯಾರ್ಥಿಗಳೇ, ನಿಮ್ಮ ಶಾಲೆ ಕಾಲೇಜಿನ ಗ್ರಂಥಾಲಯದಲ್ಲಿ ತ್ರಿವೇಣಿಯವರ ಪುಸ್ತಕ ಒಂದಾದರೂ ಇದ್ದೀತು. ಈ ರಜೆಯಲ್ಲಿ ತಂದು ಓದಿ. ಓದಿ ಮುಗಿಸಿದ ಮೇಲೆ ನಿಮ್ಮ ತಾಯಿಯ ಕೈಗೆ ಕೊಡಿ. ಓದಲು ಬಾರದ ತಾಯಿಯಾದರೆ ಪಕ್ಕದಲ್ಲಿ ಕುಳಿತು ನೀವೇ ಓದಿ ಹೇಳಿ. ಅವರು ಎಂದೂ ಯಾರಿಗೂ ಹೇಳದೆ ಉಳಿಸಿಕೊಂಡ ಮಾತೊಂದು ಆಗ ಹೊರಬಂದರೆ ತಾಳ್ಮೆಯಿಂದ ಕೇಳಿಸಿಕೊಳ್ಳಿ.